ಜಗಲಿಯ ಮೇಲಿನ ಜಾಗ

ಗುತ್ತಲು, ಮಂಡ್ಯ
12 ಜೂನ್ 1941

ಭಾವ ಅಂಕಯ್ಯನಿಗೆ ಕೆಂಪಸಿದ್ದಯ್ಯನ ನಮಸ್ಕಾರ.

ನಾನು ಚೆನ್ನಾಗಿಲ್ಲ. ನೀನು ಬಹಳ ಚೆನ್ನಾಗಿದ್ದೀಯೆ ಎಂದು ನಮ್ಮೂರಿನ ಚಿಕ್ಕಮಾದು ಹೇಳಿದ. ಸಂತೆಗೆ ಹುಣಸೆಹಣ್ಣು ತಂದವನು ನಮ್ಮ ಅಚ್ಚುಕೂಟದ ಬಾಗಿಲಲ್ಲಿ ನಿಂತು, "ಸಿದ್ದಣ್ಣ, ನಿಮ್ ಭಾವ ಪಂಚಾಯ್ತಿ ಮೆಂಬರ್ ಆದ್ರು ಕಣಣ್ಣ, ಸರ್ಕಾರದೋರೇ ಮಾಡವ್ರೆ" ಎಂದ. ನನ್ನ ಕೈಯಲ್ಲಿದ್ದ ಅಚ್ಚಿನ ಮೊಳೆಗಳೆಲ್ಲ ನೆಲದ ಪಾಲಾದವು. ಸ್ವಂತ ಅಕ್ಕನ ಗಂಡ ಮೆಂಬರಾದ ಸುದ್ದಿ ನನಗೆ ಹುಣಸೆಹಣ್ಣು ಮಾರುವವನ ಬಾಯಿಂದ ಬರಬೇಕೇ? ನಿನಗೆ ಕಾಗದ ಬರೆಯಲು ಕೈ ಇರಲಿಲ್ಲವೇ?

ಮುಚ್ಚಿಡುವುದೇನು ಬಂತು, ಹೊಟ್ಟೆ ಉರಿಯಿತು. ಇಬ್ಬರೂ ಒಂದೇ ಗುಡಿಸಲಿನ ಸ್ಕೂಲಿನಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರು. ನೀನು ನಾಲ್ಕನೆಯ ಕ್ಲಾಸಿಗೇ ಬಿಟ್ಟು ನೀರಗಂಟಿ ಕೆಲಸಕ್ಕೆ, ಊರ ಗದ್ದೆಗಳಿಗೆ ನೀರು ಬಿಡುವುದಕ್ಕೆ ಹೋದೆ. ನಾನು ಮೈಸೂರಿನ ಫ್ರೀ ಹಾಸ್ಟೆಲಿನಲ್ಲಿ ಅರೆಹೊಟ್ಟೆಯಲ್ಲಿದ್ದು ಲೋಯರ್ ಸೆಕೆಂಡರಿ ಪಾಸು ಮಾಡಿದೆ. ನಮ್ಮ ಕೇರಿಯಿಂದ ಸರ್ಕಾರಕ್ಕೆ ಹೋದ ಅರ್ಜಿಗಳನ್ನೆಲ್ಲ ಬರೆದವನು ನಾನು. ಆದಿ ಕರ್ನಾಟಕರಿಗೂ ಹುಣಸೆಬೀಡಿನ ಪಂಚಾಯ್ತಿಯಲ್ಲಿ ಒಂದು ಜಾಗ ಕೊಡಬೇಕೆಂದು ಬರೆದವನೂ ನಾನೇ. ಕೊಟ್ಟರು, ನಿನಗೆ ಕೊಟ್ಟರು. ಊರಿನಲ್ಲಿ ವಾಸವಿರುವವನೇ ಆಗಬೇಕಂತೆ.

ಇರಲಿ. ಕೇಳಿದ್ದಕ್ಕೆ ಉತ್ತರ ಬರಿ. ಎಲ್ಲಿ ಕೂರುತ್ತೀರಿ? ಕುರ್ಚಿಯೋ, ಬೆಂಚೋ? ನಿನ್ನ ಪಕ್ಕ ಯಾರು? ಛೇರ್ಮನ್ ಪುಟ್ಟಸ್ವಾಮಿಗೌಡರು ನಿನ್ನನ್ನು ಏನೆಂದು ಕರೆಯುತ್ತಾರೆ? ಬಾವಿಯ ಮಾತು ಎತ್ತು. ಊರೊಳಗಿನ ಬಾವಿಗೆ ನಮ್ಮ ಹೆಂಗಸರು ಹಗ್ಗ ಬಿಡುವಂತಿಲ್ಲ, ಇವತ್ತಿಗೂ ಹಳ್ಳದಲ್ಲಿ ಒರತೆ ತೋಡಿ ಕೊಡ ತುಂಬುತ್ತಾರೆ. ನೀನು ಮೆಂಬರಾಗಿರುವುದು ಕೇರಿಗೊಂದು ಬಾವಿ ತರುವುದಕ್ಕೆ. ಅದನ್ನು ಮರೆಯಬೇಡ.

ಪಟ್ಟಲಮ್ಮಕ್ಕನಿಗೆ ಕೇಳಿದೆನೆಂದು ಹೇಳು.

ಉರಿಯುತ್ತಿರುವ ನಿನ್ನ ಬಾಮೈದ,
ಕೆಂಪಸಿದ್ದಯ್ಯ


ಹುಣಸೆಬೀಡು, ಮಳವಳ್ಳಿ ತಾಲ್ಲೂಕು
3 ಆಗಸ್ಟ್ 1941

ಸಿದ್ದ,

ಕಾಗದ ತಲುಪಿತು. ಓದಿದೆ. ನೀನು ಹೊಟ್ಟೆ ಉರಿದುಕೊಂಡ ಕಡೆ ಮಾತ್ರ ಇನ್ನೊಂದು ಸಲ ಓದಿದೆ.

ಮೊದಲನೆಯ ಮೀಟಿಂಗು ಆಯಿತು. ಚಾವಡಿಯ ಜಗಲಿಯ ಮೇಲೆ ನಡೆಯುತ್ತದೆ. ಕುರ್ಚಿ, ಬೆಂಚು ಏನೂ ಇಲ್ಲ. ಕೆಂಪು ಪಟ್ಟೆಯ ದೊಡ್ಡ ಜಮಖಾನ ಹಾಸುತ್ತಾರೆ, ಹೊಸದು. ಛೇರ್ಮನ್ನರು ಕಂಬಕ್ಕೆ ಒರಗಿ ಕೂರುತ್ತಾರೆ. ಶಾನುಭೋಗರು ಹೆಸರು ಕೂಗುತ್ತಾರೆ. ನನ್ನದನ್ನೂ ಕೂಗಿದರು, 'ಅಂಕಯ್ಯ' ಎಂದು ಪೂರ್ತಿಯಾಗಿ. ಈ ಊರಿನವರ ಬಾಯಲ್ಲಿ ನನ್ನ ಹೆಸರು ಅಷ್ಟು ಉದ್ದ ಇದ್ದದ್ದನ್ನು ನಾನು ಕೇಳಿರಲಿಲ್ಲ. ಎಲೆ ಅಡಿಕೆ ಬಂತು. ಕೆರೆಯ ತೂಬಿನ ವಿಷಯ ಬಂದಾಗ ನನ್ನನ್ನೇ ಕೇಳಿದರು, ನಾನು ಹೇಳಿದಂತೆಯೇ ಬರೆದುಕೊಂಡರು.

ಪಕ್ಕದಲ್ಲಿ ಯಾರು ಎಂದು ಕೇಳಿದ್ದೀಯೆ. ಮೀಟಿಂಗಿನಲ್ಲಿ ಅದನ್ನೆಲ್ಲ ನೋಡುತ್ತ ಇರುವುದಕ್ಕೆ ಆಗುತ್ತದೆಯೇ? ಅಲ್ಲಿ ಕೆಲಸ ಇರುತ್ತದೆ.

ನಾನು ಬರೆಯುತ್ತಿದ್ದರೆ ನಿನ್ನ ಅಕ್ಕ ರಾಗಿ ಬೀಸುತ್ತ, "ಅವ್ನ್ಗೆ ಪೂರ್ತಿ ಬರಿ" ಎಂದು ನಗುತ್ತಾಳೆ. ಅವಳಿಗೆ ಮೀಟಿಂಗು ಎಂದರೆ ಗಂಡಸರ ಆಟ. ಬಾವಿಯ ಮಾತು ಎತ್ತುತ್ತೇನೆ. ಮೊದಲ ದಿನವೇ ಎತ್ತಿದರೆ ಚೆನ್ನಾಗಿರುವುದಿಲ್ಲ.

ಅಂಕಯ್ಯ, ಮೆಂಬರು


ಗುತ್ತಲು, ಮಂಡ್ಯ
20 ಫೆಬ್ರವರಿ 1942

ಮೆಂಬರು ಅಂಕಯ್ಯನವರಿಗೆ,

ನಿನ್ನ ಜಮಖಾನ ನನ್ನ ತಲೆಯಿಂದ ಇಳಿಯುತ್ತಿಲ್ಲ. ಹೋದ ತಿಂಗಳು ಒಂದು ಮದುವೆ ಕಾಗದಕ್ಕೆ ಮೊಳೆ ಜೋಡಿಸುತ್ತಿದ್ದೆ. ಹುಡುಗಿಯ ಸೋದರಮಾವನ ಹೆಸರು ಬರಬೇಕಾದ ಜಾಗದಲ್ಲಿ 'ಮೆಂಬರು ಅಂಕಯ್ಯ' ಎಂದು ಜೋಡಿಸಿಬಿಟ್ಟೆ. ಅಚ್ಚುಕೂಟದ ಧಣಿ ದಸ್ತಗೀರ್ ಸಾಹೇಬರು ಕರಡು ನೋಡಿ, "ಅರೆ ಸಿದ್ದಯ್ಯ, ಮದುವೆ ಮನೇಲಿ ಈ ಮೆಂಬರ್ಗೆ ಏನ್ ಕೆಲಸ?" ಎಂದು ನಕ್ಕರು. ಯುದ್ಧದಿಂದ ಪೇಪರಿನ ಅಭಾವ, ಒಂದು ಹಾಳೆ ಹಾಳಾದರೆ ಬೈಯುವ ಮನುಷ್ಯ. ಆ ದಿನ ಬೈಯಲಿಲ್ಲ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು.

ನನಗೆ ಇಲ್ಲಿ ಕೊರತೆಯಿಲ್ಲ. ಸಾಹೇಬರ ಮನೆಯಿಂದ ಮಹಬೂಬ್ ಬೀ ಟೀ ಕಳಿಸುತ್ತಾರೆ, ಸಾಹೇಬರೂ ನಾನೂ ಒಂದೇ ಚಾಪೆಯ ಮೇಲೆ ಕೂತು ಕುಡಿಯುತ್ತೇವೆ. ಬೀದಿಯಾಚೆಯ ಹೋಟೆಲಿನಲ್ಲಿ ಮಾತ್ರ ನನ್ನನ್ನು ಹೊರಗೆ ನಿಲ್ಲಿಸುತ್ತಾರೆ. ಹೋಟೆಲು ಅವರಪ್ಪನದು, ಏನು ಮಾಡುವುದು? ಪಂಚಾಯ್ತಿ ಹಾಗಲ್ಲ. ಅದು ಸರ್ಕಾರದ್ದು. ಅಲ್ಲಿ ಗೌಡರ ಮೊಣಕೈಗೆ ಮೊಣಕೈ ತಾಗಿಸಿ ಕೂತವನು ನೀನು, ಓದಿದವನು ಇಲ್ಲಿ ಮಸಿ ಮೆತ್ತಿಕೊಂಡು ನಿಂತಿದ್ದೇನೆ. ಇದನ್ನು ನೆನೆದರೆ ಅನ್ನ ಸೇರುವುದಿಲ್ಲ.

ಬಾವಿ ಏನಾಯಿತು? ಮಾತಾಡುವುದಕ್ಕೆ ಬರುವುದಿಲ್ಲವೆಂದರೆ ಹೇಳು. ಇದರ ಜೊತೆ ಒಂದು ಭಾಷಣ ಬರೆದು ಕಳಿಸಿದ್ದೇನೆ. ಎದ್ದು ನಿಂತು, ನಿಧಾನವಾಗಿ, ಗೌಡರ ಮುಖ ನೋಡುತ್ತ ಓದು.

ಕೆಂಪಸಿದ್ದಯ್ಯ


ಹುಣಸೆಬೀಡು
9 ಆಗಸ್ಟ್ 1942

ಸಿದ್ದ,

ನಿನ್ನ ಭಾಷಣ ಓದಲಿಲ್ಲ. ಓದುವುದೂ ಇಲ್ಲ. ನಿನಗಿಂತ ನಾಲ್ಕು ಕ್ಲಾಸು ಕಡಿಮೆ ಓದಿದ ಮಾತ್ರಕ್ಕೆ ನನ್ನ ಬಾಯಿಗೆ ನೀನು ಮಾತು ತುರುಕಬೇಕಾಗಿಲ್ಲ. ಬಾವಿಯ ಮಾತು ಎತ್ತಿದ್ದೇನೆ. ಛೇರ್ಮನ್ನರು "ನೋಡಾನ" ಎಂದಿದ್ದಾರೆ. ಅವರು ಹಾಗೆಂದದ್ದೇ ದೊಡ್ಡದು. ಎದ್ದು ನಿಂತು ಭಾಷಣ ಮಾಡಿದ್ದರೆ ಅದೂ ಇರುತ್ತಿರಲಿಲ್ಲ.

ಸಾಹೇಬರ ಚಾಪೆ, ಟೀ ಎಂದೆಲ್ಲ ಬರೆದಿದ್ದೀಯೆ. ನನಗೂ ಹೊಟ್ಟೆಕಿಚ್ಚಾಗಲಿ ಎಂದು ತಾನೆ? ಆಯಿತು, ತೃಪ್ತಿಯಾಯಿತೇ?

ಪಕ್ಕದಲ್ಲಿ ಯಾರು ಕೂರುತ್ತಾರೆ, ಮೊಣಕೈ ತಾಗುತ್ತದೋ ಇಲ್ಲವೋ ಎಂಬುದನ್ನು ಇನ್ನು ಕೇಳಬೇಡ. ಬೇರೆ ಏನಾದರೂ ಬರಿ.

ಅಂಕಯ್ಯ


ಗುತ್ತಲು, ಮಂಡ್ಯ
2 ಮೇ 1944

ಭಾವ,

ಮಾರಿಹಬ್ಬಕ್ಕೆ ಬಂದು ಹೋದ ಮೇಲೆ ಬರೆಯಬಾರದು ಎಂದಿದ್ದೆ. ಬರೆಯದೆ ಇರಲಾರೆ.

ಕೇರಿಯಲ್ಲಿ ನಿನ್ನ ದರಬಾರು ನೋಡಿದೆ. ನೀನು ಬಂದರೆ ಮುದುಕರೂ ಸರಿದು ಜಾಗ ಬಿಡುತ್ತಾರೆ. ಎಲೆ ಅಡಿಕೆ ಮೊದಲು ನಿನಗೆ. ಚಿಕ್ಕಬೋರಮ್ಮಜ್ಜಿ ನನ್ನನ್ನು ಎತ್ತಿ ಆಡಿಸಿದವಳು, ಅವಳು ನನ್ನ ಎದುರಿಗೇ, "ಸಿದ್ದ ಓದ್ದ, ಅಂಕ ಮೆಂಬರ್ ಆದ" ಎಂದಳು. ನೀನು ಮೀಸೆ ಸವರಿಕೊಂಡೆ. ನನ್ನ ಪಾಲಿನ ಬಾಡೂಟ ಅಲ್ಲೇ ಬಿಟ್ಟು ಬಸ್ಸಿಗೆ ನಡೆದದ್ದು ಅದಕ್ಕೆ. ಬಸ್ಸು ತಪ್ಪಿಹೋಗುತ್ತದೆ ಎಂದದ್ದು ಸುಳ್ಳು.

ದಾರಿಯಲ್ಲಿ ನಮ್ಮ ಹೆಂಗಸರು ಹಳ್ಳದಿಂದ ಹತ್ತಿ ಬರುತ್ತಿದ್ದರು. ಕೊಡದಲ್ಲಿ ಕೆಸರು ಬಣ್ಣದ ನೀರು. ನೀನು ಮೆಂಬರಾಗಿ ಮೂರು ಬೇಸಿಗೆ ಕಳೆದವು. ಬಾವಿ ಎಲ್ಲಿ? ನಿನಗೆ ಜಮಖಾನದ ಮೇಲೆ ಕೂತು ಎಲೆ ಅಡಿಕೆ ಜಗಿಯುವುದೇ ಸಾಕಾಗಿದೆ. ಕೈಲಾಗದಿದ್ದರೆ ಬಿಟ್ಟುಕೊಡು. ಮುಂದಿನ ಅವಧಿಗೆ ನಾನು ಊರಿಗೆ ಬಂದು ನಿಲ್ಲುತ್ತೇನೆ.

ಕೆಂಪಸಿದ್ದಯ್ಯ


ಹುಣಸೆಬೀಡು
11 ಮೇ 1944

ಬಿಟ್ಟುಕೊಡುವುದಿಲ್ಲ.

ಅಂಕಯ್ಯ


ಹುಣಸೆಬೀಡು
18 ನವೆಂಬರ್ 1945

ಕೆಂಪಸಿದ್ದಯ್ಯನವರಿಗೆ,

ನೀವು ಅಮಲ್ದಾರರಿಗೆ ಕೊಟ್ಟ ಅರ್ಜಿ ಚಾವಡಿಗೆ ಬಂತು. ಅಚ್ಚು ಹಾಕಿಸಿ ಕೊಟ್ಟಿದ್ದೀರಿ. ಅಕ್ಷರಗಳು ಚೆನ್ನಾಗಿ ಮೂಡಿವೆ. ಶಾನುಭೋಗರು ಎಲ್ಲರಿಗೂ ಕೇಳುವಂತೆ ಓದಿದರು. "ಹಾಲಿ ಮೆಂಬರಾದ ಅಂಕಯ್ಯ ಎಂಬುವನು ಕಾನೂನು ತಿಳಿಯದವನು, ಸಭೆಯಲ್ಲಿ ಬಾಯಿ ತೆರೆಯದವನು, ತನ್ನ ಜನಕ್ಕೆ ಒಂದು ಕೊಡ ನೀರನ್ನೂ ತರಲಾರದವನು." ಬಾಯಿ ತೆರೆಯದವನು ಎಂದಾಗ ಗೌಡರು ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ಅವಧಿ ಮುಗಿದಿದೆ. ಮುಂದಿನ ಮೆಂಬರು ನೀವೇ ಎಂದು ಹುಕುಂ ಬಂದಿದೆ. ಊರಿಗೆ ಬಂದು ಕೂರಬಹುದು.

ನಾನು ಮದ್ದೂರಿಗೆ ಹೋಗುತ್ತಿದ್ದೇನೆ. ಮಗಳು ದೇವಿರಮ್ಮನ ಮನೆಯಲ್ಲಿ ಇರುತ್ತೇನೆ, ಅಳಿಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಕೊಡಿಸುತ್ತಾನೆ. ಮೆಂಬರೆಂದು ಕರೆದವರ ಬಾಯಲ್ಲಿ ಮತ್ತೆ 'ಅಂಕ' ಎನ್ನಿಸಿಕೊಂಡು ಈ ಕೇರಿಯಲ್ಲಿ ನಾನು ಓಡಾಡಲಾರೆ. ನಿಮ್ಮ ಅಕ್ಕ ಬರುವುದಿಲ್ಲವಂತೆ. "ನೀವ್ ಇಬ್ರೂ ಎಲ್ಲಾದ್ರೂ ಬಡ್ದಾಡ್ಕಳಿ, ನಾನು ಆಡು ಬುಟ್ಟು ಎಲ್ಲೂ ಬರಾಕಿಲ್ಲ" ಎಂದಳು.

ಇತಿ,
ಅಂಕಯ್ಯ


ಹುಣಸೆಬೀಡು
14 ಜನವರಿ 1946

ಭಾವ,

ಯಾಕೆ ಹೇಳಲಿಲ್ಲ?

ಇವತ್ತು ಮೊದಲನೆಯ ಮೀಟಿಂಗು. ಇಸ್ತ್ರಿ ಮಾಡಿದ ಷರಟು, ದಸ್ತಗೀರ್ ಸಾಹೇಬರು ಹೊರಡುವಾಗ ಕೊಟ್ಟ ಕಪ್ಪು ಕೋಟು ಹಾಕಿಕೊಂಡು ಹೋದೆ. ಜಗಲಿಯ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟೆ. ಪುಟ್ಟಸ್ವಾಮಿಗೌಡರು ಸಿಟ್ಟಾಗಲಿಲ್ಲ, ಗದರಲೂ ಇಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸುವವರ ಹಾಗೆ ಅಂಗಳದ ಕಡೆ ಕೈ ಮಾಡಿ, "ಸಿದ್ದ, ನಿಮ್ ಜಾಗ ಅಲ್ಲಿ ಕಣ್ಲಾ. ಆ ಕಲ್ಲಿನ್ ಮ್ಯಾಲೆ. ಅಂಕ ಅಲ್ಲೇ ಕೂರ್ತಿದ್ದ" ಎಂದರು.

ನಾನು ಇಳಿದೆ. ಆ ಕಲ್ಲಿನ ಮೇಲೆ ಕೂತೆ. ಕೋಟು ಹಾಕಿಕೊಂಡು ಬಿಸಿಲಿನಲ್ಲಿ, ಅವರು ಮೇಲೆ ಮಾತಾಡಿದ್ದು ಅರ್ಧ ಕೇಳುತ್ತ, ಅರ್ಧ ಕೇಳದೆ ಕೂತೆ. ಕೊನೆಗೆ ಶಾನುಭೋಗರು ರುಜು ಹಾಕುವ ಪುಸ್ತಕವನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದರು. ನಾನು ರುಜು ಹಾಕಿ ಸರಿದ ಮೇಲೆ ಬಂದು ತೆಗೆದುಕೊಂಡರು. ಎಲೆ ಅಡಿಕೆಯನ್ನು ಮೇಲಿನಿಂದ, ನಾನು ಒಡ್ಡಿದ ಹೆಗಲ ವಲ್ಲಿಗೆ ಹಾಕಿದರು.

ಕೇರಿಗೆ ಬಂದು ಅಕ್ಕನ ಮೇಲೆ ಕೂಗಾಡಿದೆ. "ನಿನ್ಗೆ ಗೊತ್ತಿಲ್ದೆ ಇದ್ದದ್ದು ನಂಗೆಂಗ್ ಗೊತ್ತು? ಕೇರಿಗೆಲ್ಲ ಗೊತ್ತಿರೋ ಇಚಾರ. ನಮ್ಮೋರ್ನ ಜಗಲಿ ಹತ್ತುಸ್ತಾರೆ ಅಂತ ನಿನ್ಗೆ ಯಾವನ್ ಯೋಳ್ದ?" ಎಂದಳು. ನನಗೆ ಯಾರೂ ಹೇಳಿರಲಿಲ್ಲ. ಸರ್ಕಾರದ ಕಾಗದ ಓದಿ ನಾನೇ ಅಂದುಕೊಂಡೆ. ಮೆಂಬರೆಂದರೆ ಮೆಂಬರು ಎಂದು ಅದರಲ್ಲಿ ಬರೆದಿತ್ತು. ಮಂಡ್ಯದಲ್ಲಿ ಸಾಹೇಬರ ಚಾಪೆಯ ಮೇಲೆ ಕೂತು ಕೂತು ನನ್ನ ಊರು ಎಂಥದ್ದೆಂಬುದೇ ಮರೆತುಹೋಗಿತ್ತು.

ನಾಲ್ಕು ವರ್ಷ ನಾನು ಒಂದು ಕಲ್ಲನ್ನು ನೆನೆದು ಹೊಟ್ಟೆ ಉರಿದುಕೊಂಡೆ. ಒಂದು ಕಲ್ಲಿಗಾಗಿ ನಿನ್ನ ಮೇಲೆ ಅರ್ಜಿ ಹಾಕಿದೆ. ನೀನು ಒಂದು ಮಾತು ಬರೆದಿದ್ದರೆ ಸಾಕಾಗಿತ್ತು. ಯಾಕೆ ಬರೆಯಲಿಲ್ಲ? ನನ್ನನ್ನು ಆ ಕಲ್ಲಿನ ಮೇಲೆ ಕೂರಿಸಿ ನೋಡುವ ಆಸೆಯೇ?

ಸಿದ್ದ


ಮದ್ದೂರು
2 ಫೆಬ್ರವರಿ 1946

ಸಿದ್ದ,

ನಿನ್ನ ಕಾಗದ ಓದಿ ಮೊದಲು ಖುಷಿಯಾಯಿತು. ಕಪ್ಪು ಕೋಟಿನ ಕಡೆ ಬಂದಾಗ ದೇವಿರಮ್ಮನನ್ನು ಕರೆದು ಅವಳಿಗೂ ಓದಿ ಹೇಳಿದೆ. ಆಮೇಲೆ ಖುಷಿ ನಿಲ್ಲಲಿಲ್ಲ.

ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯೆ. ಹುಟ್ಟಿದಾಗಿನಿಂದ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವರು ಯಾರೂ ಇರಲಿಲ್ಲ ಸಿದ್ದ. ನನ್ನ ಹತ್ತಿರ ಉರಿದುಕೊಳ್ಳುವಂಥದ್ದು ಏನಿತ್ತು? ಹಾಸ್ಟೆಲು ನಿನಗೆ ಸಿಕ್ಕಿತು, ಪಾಸು ನಿನಗೆ ಸಿಕ್ಕಿತು, ಮಂಡ್ಯ ನಿನಗೆ ಸಿಕ್ಕಿತು. ಮೊದಲ ಸಲ ನೀನು ನನ್ನ ಮೇಲೆ ಉರಿದುಕೊಂಡೆ. ಮೀಟಿಂಗಿನ ದಿನ ಆ ಕಲ್ಲಿನಿಂದ ಎದ್ದು ಮನೆಗೆ ಬಂದು ನಿನ್ನ ಕಾಗದ ತೆಗೆದು ಓದಿದರೆ, ನಾನು ನಿಜವಾಗಿಯೂ ಜಮಖಾನದ ಮೇಲೆ ಕೂತು ಬಂದವನ ಹಾಗೆ ಆಗುತ್ತಿತ್ತು. ಮೆಂಬರಾಗಿ ನನಗೆ ಸಿಕ್ಕ ಮರ್ಯಾದೆ ಅದೊಂದೇ. ಅದನ್ನೂ ನೀನು ಅರ್ಜಿ ಹಾಕಿ ಕಿತ್ತುಕೊಂಡೆ.

ಈಗ ಇನ್ನೊಂದು ಮಾತು. ಸರಿಯಾಗಿ ಕೇಳು. ನಾನು ಸುಮ್ಮನೆ ಕೂತವನಲ್ಲ. ಗೌಡರು ಹೋದ ವರ್ಷ ನನಗೆ ಮಾತು ಕೊಟ್ಟಿದ್ದಾರೆ. "ಕೆಳಗ್ ಕೂತು ತಂಟೆ ಮಾಡ್ದೆ ಇದ್ರೆ ಮುಂದಿನ್ ಗ್ರಾಂಟ್ನಾಗೆ ಕೇರಿಗೆ ಬಾವಿ ತೋಡುಸ್ತೀನಿ" ಎಂದಿದ್ದಾರೆ. ಗ್ರಾಂಟು ಬಂದಿದೆ. ಜೂನ್ ಒಳಗೆ ಮೀಟಿಂಗಿನಲ್ಲಿ ತೀರ್ಮಾನವಾಗಬೇಕು, ಇಲ್ಲದಿದ್ದರೆ ಬೇರೆ ಊರಿಗೆ ಹೋಗುತ್ತದೆ. ಇನ್ನು ಕೆಲವು ತಿಂಗಳು. ನಾನು ಕೂತೆ, ನೀನೂ ಕೂರು. ನಿನ್ನ ಲೋಯರ್ ಸೆಕೆಂಡರಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಆ ಕಲ್ಲಿನ ಮೇಲೆ ಕೂರು. ಬಾವಿ ಬರಲಿ.

ಅಂಕಯ್ಯ


ಹುಣಸೆಬೀಡು
6 ಜುಲೈ 1946

ಭಾವ,

ಬಾವಿ ಬರಲಿಲ್ಲ. ಬಾರದಂತೆ ಮಾಡಿದವನು ನಾನು. ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ.

ನೀನು ಹೇಳಿದಂತೆ ಎಲ್ಲ ಮೀಟಿಂಗಿಗೂ ಕಲ್ಲಿನ ಮೇಲೆ ಕೂತೆ. ಜೂನ್ ಕೊನೆಯಲ್ಲಿ ಬಾವಿಯ ತೀರ್ಮಾನಕ್ಕೆಂದೇ ಮೀಟಿಂಗು ಕರೆದರು. ಚಾವಡಿಗೆ ಹೋದೆ. ಕಲ್ಲು ನೋಡಿದೆ. ಮೆಟ್ಟಿಲು ಹತ್ತಿ ಜಮಖಾನದ ಅಂಚಿನಲ್ಲಿ ಕೂತುಬಿಟ್ಟೆ.

ನಿನ್ನ ಹತ್ತಿರ ದೊಡ್ಡ ಮಾತು ಆಡುವುದಿಲ್ಲ. ಆ ಗಳಿಗೆಯಲ್ಲಿ ಕೇರಿಯ ನೆನಪಾಗಲಿಲ್ಲ, ನ್ಯಾಯದ ನೆನಪೂ ಆಗಲಿಲ್ಲ. ಬಾವಿ ತೋಡಿದರೆ ಅದು ನಿನ್ನ ಬಾವಿ, ನೀನು ಕೆಳಗೆ ಕೂತು ತಂದದ್ದು. ಕೇರಿಯವರು ನೀರು ಸೇದುವಾಗಲೆಲ್ಲ ಅಂಕಯ್ಯ ಎನ್ನುತ್ತಾರೆ. ನೀನು ಕೂತ ಕಲ್ಲಿನ ಮೇಲೆ ನಾನೂ ಕೂತು ಎದ್ದರೆ ನಿನಗಿಂತ ನಾನು ಯಾವುದರಲ್ಲಿ ಹೆಚ್ಚು? ಇದೇ ನನ್ನ ತಲೆಯಲ್ಲಿ ಇದ್ದದ್ದು. ಬೇಕಾದರೆ ಉಗಿ.

ಗೌಡರು, "ಲೇ ಸಿದ್ದ, ಇಳಿ. ಬಾವಿ ಬೇಕೋ ಜಗಲಿ ಬೇಕೋ, ಒಂದ್ ಯೋಳು" ಎಂದರು. "ಎರಡೂ ಬೇಕು" ಎಂದೆ. ಅವರು ಎದ್ದು ಪಂಚೆ ಕೊಡವಿಕೊಂಡರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಶಾನುಭೋಗರು ಕೊನೆಗೆ, ನನ್ನ ಮುಖ ನೋಡುತ್ತ, ಪುಸ್ತಕ ಮುಚ್ಚಿಕೊಂಡು ಹೋದರು. ಅಷ್ಟು ದೊಡ್ಡ ಜಮಖಾನದ ಮೇಲೆ ನಾನೊಬ್ಬನೇ. ನಾನು ಕೂತಿದ್ದರಿಂದ ಅದನ್ನು ಸುತ್ತಿಡುವುದಕ್ಕೂ ಯಾರೂ ಬರಲಿಲ್ಲ.

ಮೀಟಿಂಗು ಆಗಲಿಲ್ಲವೆಂದು ಗ್ರಾಂಟು ಬೇರೆ ಊರಿಗೆ ಹೋಯಿತು. ನಮ್ಮವರನ್ನು ಹೊಲ ಗದ್ದೆಯ ಕೆಲಸಕ್ಕೆ ಕರೆಯಬಾರದೆಂದು ಊರಿನವರು ಮಾತಾಡಿಕೊಂಡಿದ್ದಾರೆ. ಕೇರಿಯಲ್ಲಿ ನನ್ನ ಜೊತೆ ಮಾತಿಲ್ಲ. ಅಕ್ಕ ಮುದ್ದೆಯ ತಣಿಗೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾಳೆ. ನೀನೂ ಬೈದು ಬರಿ. ಬೈಸಿಕೊಳ್ಳುವುದು ಒಂದು ಕಡೆ ಮುಗಿದರೆ ಒಳ್ಳೆಯದು.

ಸಿದ್ದ


ಮದ್ದೂರು
21 ಜುಲೈ 1946

ಸಿದ್ದ,

ಬೈದು ಒಂದು ಕಾಗದ ಬರೆದಿದ್ದೆ. ಒಲೆಗೆ ಹಾಕಿದೆ. ಅದರಲ್ಲಿ ಬರೆದದ್ದು ನಿಜವಾಗಿರಲಿಲ್ಲ.

ಬಾವಿ ಹೋಯಿತೆಂದು ಸಿಟ್ಟು ಬಂದದ್ದು ನಿಜ. ಆದರೆ ಇಟ್ಟಿಗೆ ಹೊರುತ್ತ ನನ್ನ ಕಣ್ಣಿಗೆ ಬರುವುದು ಬಾವಿಯಲ್ಲ. ನೀನು ಆ ಜಮಖಾನದ ಮೇಲೆ ಕೂತದ್ದು ಬರುತ್ತದೆ. ಹೋದ ಅವಧಿಯೆಲ್ಲ ನಾನು ಕೆಳಗಿನಿಂದ ಅದರ ಅಂಚನ್ನೇ ನೋಡಿದೆ. ಒಂದು ದಿನವೂ ಮೆಟ್ಟಿಲಿಗೆ ಕಾಲಿಡಲಿಲ್ಲ. ಬಾವಿ ಬರಲಿ ಎಂದುಕೊಂಡೆ, ಜಾಣತನ ಎಂದುಕೊಂಡೆ. ಹೆದರಿಕೆಯೂ ಇತ್ತು. ನೀನು ಸುಮ್ಮನೆ ಹತ್ತಿ ಕೂತೆ. ನನ್ನ ಹೊಟ್ಟೆ ಎಷ್ಟು ಉರಿಯುತ್ತಿದೆ ಎಂದರೆ, ನೀನು ಹಿಂದೆ ಪಟ್ಟದ್ದನ್ನೆಲ್ಲ ನಾನು ಈ ಹದಿನೈದು ದಿನದಲ್ಲಿ ಪಟ್ಟಿದ್ದೇನೆ.

ಅವರೆಲ್ಲ ಎದ್ದು ಹೋದ ಮೇಲೆ ಎಷ್ಟು ಹೊತ್ತು ಕೂತಿದ್ದೆ? ಮೇಲಿನಿಂದ ಅಂಗಳ ಹೇಗೆ ಕಾಣುತ್ತದೆ? ಬಿಡದೆ ಬರಿ.

ಮುಂದಿನ ಮೀಟಿಂಗಿಗೆ ನಾನು ಬರುತ್ತೇನೆ. ಮೆಂಬರಲ್ಲದಿದ್ದರೂ ಬರುತ್ತೇನೆ. ನಿನ್ನ ಪಕ್ಕದಲ್ಲಿ ನನಗೊಂದು ಜಾಗ ಇಟ್ಟಿರು.

ಅಂಕಯ್ಯ


ಹುಣಸೆಬೀಡು
29 ಆಗಸ್ಟ್ 1946

ಭಾವ,

ನಿನಗೆ ಜಾಗ ಇಟ್ಟಿಲ್ಲ. ನನ್ನದೇ ಹೋಗಿದೆ. ಏನಾಯಿತೆಂದು ಕೇಳು.

ನಾಟಿಯ ಕಾಲ ಬಂತು. ಊರಿನವರು ಹೊರಗಿನಿಂದ ಆಳು ಕರೆಸಲು ನೋಡಿದರು, ಸಿಗಲಿಲ್ಲ. ಎಲ್ಲರೂ ಮಂಡ್ಯದ ಕಡೆ ಕಬ್ಬಿನ ಕೆಲಸಕ್ಕೆ ಹೋಗಿದ್ದಾರೆ. ಪೈರು ಒಟ್ಲಿನಲ್ಲೇ, ಸಸಿಮಡಿಯಲ್ಲೇ ಬಲಿಯುತ್ತಿತ್ತು. ಕೊನೆಗೆ ಗೌಡರು ಶಾನುಭೋಗರನ್ನು ಕೇರಿಗೆ ಕಳಿಸಿ, ಹೆಂಗಸರು ನಾಟಿಗೆ ಬರಲಿ ಎಂದು ಹೇಳಿಸಿದರು. ಅಕ್ಕ ಮರದ ಕೆಳಗೆ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಕರಿಯಾಕಿಲ್ಲ ಅಂದೋರು ಅವ್ರು. ಈಗ ನಾವ್ ಓಗಾಕಿಲ್ಲ" ಎಂದಳು. ನಾನು ಮಧ್ಯೆ ಬಾಯಿ ಹಾಕಿದೆ. "ನೀನ್ ಸುಮ್ಕಿರ್ಲಾ, ನಿನ್ ಕೈಯಾಗೆ ಆದ್ದು ನೋಡಿವ್ನಿ" ಎಂದಳು.

ನಿನ್ನೆ ಮೀಟಿಂಗು. ನಾನು ಹೊತ್ತಿಗೆ ಮುಂಚೆ ಹೋದೆ, ಹತ್ತಿ ಕೂರಬೇಕೆಂದೇ ಹೋದೆ. ನನಗಿಂತ ಮುಂಚೆ ಜಗಲಿ ತುಂಬಿತ್ತು. ಕೇರಿಯ ಹೆಂಗಸರೆಲ್ಲ ಖಾಲಿ ಕೊಡಗಳನ್ನು ಮಡಿಲಲ್ಲಿ ಇಟ್ಟುಕೊಂಡು ಜಮಖಾನದ ಮೇಲೆ ಕೂತಿದ್ದರು. ಚಿಕ್ಕಬೋರಮ್ಮಜ್ಜಿ ಕಾಲು ನೀಡಿ ಕೂತಿದ್ದಳು. ಕಂಬಕ್ಕೆ ಒರಗಿಕೊಂಡು, ಛೇರ್ಮನ್ನರ ಜಾಗದಲ್ಲಿ, ನಿನ್ನ ಹೆಂಡತಿ.

ಗೌಡರು ಬಂದರು. ಅಂಗಳದಲ್ಲೇ ನಿಂತರು. "ಇದೇನ್ಲಾ ಸಿದ್ದ, ಇವ್ರ್ನೆಲ್ಲ ನೀನ್ ಕರ್ಕೊಂಡ್ ಬಂದಿದ್ದೀಯಾ?" ಎಂದರು. "ನಾನೇ ಈಗ ಬಂದೆ" ಎಂದೆ. ಸುಳ್ಳಲ್ಲ. ಅಕ್ಕ ಕೂತಲ್ಲಿಂದಲೇ, "ಬನ್ನಿ ಗೌಡ್ರೆ, ಕುಂತ್ಕಳಿ. ದೊಡ್ಡ ಜಮಖಾನ, ಎಲ್ರಿಗೂ ಆಯ್ತದೆ. ಎದ್ದೋಗ್ತೀನಿ ಅಂದ್ರೆ ಓಗಿ, ನಾಟಿ ಮಾತ್ರ ನೀವೇ ಮಾಡ್ಕಳಿ" ಎಂದು ಒಂದು ಮೊಳ ಸರಿದು ಕಂಬದ ಪಕ್ಕ ಜಾಗ ಬಿಟ್ಟಳು. ಆಕೆಯ ದನಿ ಏರಲಿಲ್ಲ. ಮನೆಗೆ ಬಂದ ನೆಂಟರನ್ನು ಕರೆದ ಹಾಗೆಯೇ ಕರೆದಳು.

ಗೌಡರು ಗದ್ದೆ ಬಯಲಿನ ಕಡೆ ನೋಡಿದರು. ಹಿಂದೆ ಬಂದ ಮಿಕ್ಕ ಮೆಂಬರುಗಳು ಅವರ ಮುಖ ನೋಡಿದರು. ಎಲ್ಲರ ಗದ್ದೆಯ ನಾಟಿಯೂ ನಿಂತಿದೆ. ಕೊನೆಗೆ ಗೌಡರು ಬಂದು ಜಗಲಿಯ ಅಂಚಿನಲ್ಲಿ, ಕಾಲು ಕೆಳಗೆ ಇಳಿಬಿಟ್ಟು, ನಮ್ಮ ಕಡೆ ಬೆನ್ನು ಮಾಡಿ ಕೂತರು. ಕೂತರು ಭಾವ. ಮತ್ತೆ ಗ್ರಾಂಟು ಕೇಳಿ ಕೇರಿಗೇ ಬಾವಿ ತೋಡಿಸಬೇಕೆಂದು ಶಾನುಭೋಗರು ಬರೆದುಕೊಂಡರು. ರುಜು ಹಾಕುವ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಸರ್ಕಾರ ಕೊಡುತ್ತದೋ ಇಲ್ಲವೋ ನೋಡಬೇಕು. ಗೌಡರು ಮಾತಿಗೆ ನಿಲ್ಲುತ್ತಾರೆಂದು ನಾನು ನಂಬುವುದಿಲ್ಲ, ಅಕ್ಕ ಅಂತೂ ನಂಬುವುದೇ ಇಲ್ಲ. ನಾಟಿಗೆ ಅರ್ಧ ಜನ ಮಾತ್ರ ಹೋಗುತ್ತಾರಂತೆ, ಮಿಕ್ಕ ಅರ್ಧ ಬಾವಿಯ ಮಣ್ಣು ಕಂಡ ಮೇಲೆ.

ಮೇಲಿನಿಂದ ಅಂಗಳ ಹೇಗೆ ಕಾಣುತ್ತದೆ ಎಂದು ನೀನು ಕೇಳಿದ್ದೆ. ನನಗೆ ನಿನ್ನೆ ಕೆಳಗಿನಿಂದ ಜಗಲಿ ಹೇಗೆ ಕಾಣುತ್ತದೆ ಎಂಬುದೇ ಗೊತ್ತಾದದ್ದು. ಮೆಟ್ಟಿಲ ಮೇಲೆ ಒಂದು ಗೇಣು ಜಾಗ ಸಿಕ್ಕಿತು, ಅಲ್ಲಿ ಕೂತೆ. ಇಷ್ಟು ವರ್ಷ ನಾವಿಬ್ಬರೂ ಕಿತ್ತಾಡಿದ ಜಾಗದಲ್ಲಿ ಅಕ್ಕ ಒರಗಿ ಕೂತಿದ್ದಳು. ಹೊಟ್ಟೆ ಉರಿಯಿತು. ಹುಡುಗತನದಿಂದ ಇಲ್ಲಿಯವರೆಗೆ ನಿನ್ನ ಮೇಲೆ ಕೂಡ ಹಾಗೆ ಉರಿದಿರಲಿಲ್ಲ.

ಮನೆಗೆ ಬಂದು ನಿನ್ನ ಕಾಗದದ ಮಾತು ಹೇಳಿದೆ. ಭಾವನೂ ಬರುತ್ತಾನಂತೆ, ಪಕ್ಕದಲ್ಲಿ ಜಾಗ ಇಡು ಎಂದಿದ್ದಾನೆ ಎಂದೆ. ಅಕ್ಕ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ಇಬ್ರೂ ಇಷ್ಟ್ ವರ್ಸ ಬಾವಿ ಬಾವಿ ಅಂತ ಕಾಗ್ದ ಬರ್ದ್ರಿ. ಒಂದ್ ದಿನ ಆದ್ರೂ ಕೊಡ ಹೊತ್ತಿದ್ದೀರೇನ್ಲಾ?"

ಕೊಡ ಹೊತ್ತ ನೆನಪು ನನಗಿಲ್ಲ. ನಿನಗಿದೆಯೇ?

"ಬಾವಿ ಆಗೋಗಂಟ ಹಳ್ಳದಿಂದ ನೀರ್ ತರಾದು ನಿಮ್ಮಿಬ್ರ ಕೆಲ್ಸ. ನಂಗೆ ಇನ್ ಮ್ಯಾಲೆ ಮೀಟಿಂಗ್ ಅದೆ" ಎಂದಳು.

ಈ ಬೆಳಿಗ್ಗೆ ಹೋಗಿದ್ದೆ. ಹಳ್ಳಕ್ಕೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಒರತೆ ಊರುವವರೆಗೂ ಕುಕ್ಕರುಗಾಲಿನಲ್ಲಿ ಕಾಯಬೇಕು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಹೆಂಗಸರೆಲ್ಲ ನಿಂತು ನೋಡಿ ನಕ್ಕರು. ಭುಜ ಎತ್ತಲು ಆಗುತ್ತಿಲ್ಲ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೆ.

ನೀನು ಬೇಗ ಬಾ. ನಿನ್ನ ಕೊಡ ಹೊಸ್ತಿಲ ಹತ್ತಿರ ಇಟ್ಟಿದ್ದಾಳೆ, ಅದು ನನ್ನದಕ್ಕಿಂತ ದೊಡ್ಡದು.

ಸಿದ್ದ